ಹೊರಬಾರದ ಹಲ್ಲು, ಎದುರಾಡಿದ ಶಿಷ್ಯ

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ದಹಿಸರ್ ಸ್ಟೇಷನ್ ಬಳಿಯ ದವಾಖಾನೆಯಲ್ಲಿ ನಾನು, ನನ್ನ ಹೆಂಡತಿ, ಹಲ್ಲಿನ ಡಾಕ್ಟರು. ಅವನ ಬಲಗೈ ತೋರುಬೆರಳ ಗೆಣ್ಣಿನ ಮೇಲೆ ಯಾವುದೋ ಮಗು ಕಚ್ಚಿದ ಎರಡು ಬಿಳಿ ಗುರುತುಗಳಿದ್ದವು. ಆ ಬೆರಳಿನಿಂದ ನನ್ನ ಬಲಗಣ್ಣಿನ ಕೆಳಗೆ ಮೆಲ್ಲಗೆ ಒತ್ತಿದ. ಜೀವ ಹೋದಂತಾಯಿತು.

ಡಾಕ್ಟರನ್ನು ಏಕವಚನದಲ್ಲಿ ಬರೆಯುವ ಸಲುಗೆ ನನಗಿದೆ. ವಿಜಯಪುರದ ಕಡೆಯಿಂದ ಮನೆ ಕಟ್ಟುವ ಕೆಲಸಕ್ಕೆ ಬಂದ ಗೌಂಡಿಯ ಮಗ. ಇಲ್ಲಿಯ ಕನ್ನಡ ಶಾಲೆಯಲ್ಲಿ ನನ್ನ ವಿದ್ಯಾರ್ಥಿ. ನನ್ನ ತರಗತಿಯಲ್ಲಿ ಮಾಸ್ತರರು ಒಮ್ಮೆ ಹೇಳಿದ ಮೇಲೆ ಮರುಪ್ರಶ್ನೆ ಇರಲಿಲ್ಲ. ಅವನು ಆ ನಿಯಮ ಒಮ್ಮೆಯೂ ಮುರಿದವನಲ್ಲ.

ಯಾರೇ ಹೊಸಬರು ಬಂದರೂ ಅವನು ಮೊದಲು ಹಲ್ಲು ಎಣಿಸುತ್ತಿದ್ದ, ಗಟ್ಟಿಯಾಗಿ, ಕನ್ನಡದಲ್ಲೇ. ಗುಜರಾತಿ ಅಜ್ಜಿಯರೂ ಬಾಯಿ ತೆರೆದುಕೊಂಡೇ ನಗುತ್ತಿದ್ದರು. "ಕಾಣಲಾರದ ಹಲ್ಲು ಎಲ್ಲಿ ಹೋತು ಅಂತ ಗೊತ್ತಾಗಬೇಕ್ರಿ" ಎನ್ನುತ್ತಿದ್ದ. ಎರಡು ವರ್ಷದ ಹಿಂದೆ ನನ್ನದನ್ನೂ ಎಣಿಸಿದ್ದ. ಬಲಗಡೆ ಮೇಲೆ, ಕೆಳಗೆ ಎರಡೂ ಕೊನೆಯ ದವಡೆ ಹಲ್ಲು ಇರಲಿಲ್ಲ. "ಧಾರವಾಡದಾಗ ಟ್ರೇನಿಂಗಿನಾಗ ಇದ್ದಾಗ ಕೀಳಿಸೇನಿ" ಎಂದೆ. ಅವನು ತಲೆಯಾಡಿಸಿ ಬರೆದುಕೊಂಡ.

ಆಮೇಲೆ ಬಲ ಹೊಳ್ಳೆಯೊಂದರಲ್ಲೇ ನೆಗಡಿ, ಕೆಟ್ಟ ವಾಸನೆ. ಎಂಟು ತಿಂಗಳು ಬೆಳಿಗ್ಗೆ ಐದಕ್ಕೆ ತಪ್ಪದೆ ಹಬೆ ತೆಗೆದುಕೊಂಡೆ. ಕಡಿಮೆಯಾಗದೆ ಆ ಸೋಮವಾರ ಅವನ ಬಳಿಗೆ ಹೋಗಿದ್ದೆವು.

"ನೆಗಡೀಗೂ ಟೈಮ್‌ಟೇಬಲ್ ಹಾಕ್ಯಾರ ನೋಡಪಾ" ಎಂದಳು ಹೆಂಡತಿ. "ಅದೊಂದು ಮಾತ್ರ ಇವರ ಮಾತು ಕೇಳವಲ್ದು."

ಅವನು ನಗಲಿಲ್ಲ. ಬೋರಿವಲಿಗೆ ಕಳಿಸಿ ಸ್ಕ್ಯಾನ್ ಮಾಡಿಸಿದ. ಸಂಜೆ ಪಟವನ್ನು ಬೆಳಕಿಗೆ ಹಿಡಿದಾಗ, ನಾನು ಕೀಳಿಸಿದೆನೆಂದ ಮೇಲಿನ ಹಲ್ಲು ಕಣ್ಣಿನ ಗೂಡಿನ ಕೆಳಗೆ ಅಡ್ಡಲಾಗಿ ಮಲಗಿತ್ತು. ಹೊರಬಾರದ ಆ ಹಲ್ಲಿನ ಸುತ್ತ ನೀರಿನ ಚೀಲವೊಂದು ಬೆಳೆದು, ಎಲುಬು ಸವೆಸಿ, ಮೂಗಿನ ಪಕ್ಕದ ಸೈನಸ್ಸಿನ ಪೊಳ್ಳನ್ನೆಲ್ಲ ತುಂಬಿತ್ತು. ಅಲ್ಲಿ ಕೀವು. ಧಾರವಾಡದಲ್ಲಿ ಕೀಳಿಸಿದ್ದು ಕೆಳಗಿನ ಹಲ್ಲು ಮಾತ್ರ ಎಂದು ನನಗೆ ಆಗ ನೆನಪಾಯಿತು.

"ಕ್ಯಾನ್ಸರ್ ಏನಪಾ?" ಎಂದೆ.

"ಚೀಲಾ ತಗದು ಟೆಸ್ಟಿಗೆ ಕಳಸೂತನಕ ಹೇಳಾಕ ಬರೂದಿಲ್ಲ ಸರ್. ತಡಾ ಮಾಡಿದ್ರ ಕಣ್ಣಿಗೂ ತ್ರಾಸ."

ದೊಡ್ಡ ಆಸ್ಪತ್ರೆಯ ಸರ್ಜನ್ನರಿಗೆ ಪತ್ರ ಬರೆದು ನನ್ನ ಕೈಗೆ ಕೊಟ್ಟ. ಎರಡು ವರ್ಷದ ಹಿಂದೆ ಎಕ್ಸ್-ರೇ ತೆಗೆಯದೆ ರೋಗಿಯ ಮಾತು ನಂಬಿದ್ದು ತನ್ನ ತಪ್ಪು ಎಂದು ಮೊದಲ ಸಾಲಿನಲ್ಲೇ ಇತ್ತು.

"ಈ ಸಾಲು ಹೊಡದುಹಾಕು. ಹೇಳಿದಾಂವ ನಾನು."

"ಬ್ಯಾರೆ ಪೇಶೆಂಟ್ ಆಗಿದ್ರ ಎಕ್ಸ್-ರೇ ತಗೀತಿದ್ದೆ. ನೀವು ಹೇಳಿದ್ರಿ ಅಂತ ಸುಮ್ನಾದೆ."

"ಹೊಡದುಹಾಕು ಅಂದೆ."

"ಆಗೂದಿಲ್ಲ ಸರ್."

ಅವನು ನನಗೆ ಎದುರಾಡಿದ್ದು ಅದೇ ಮೊದಲು. ಎರಡು ವರ್ಷದಿಂದ ಬೆಳೆಯುತ್ತಿರಬಹುದೆಂದು ಆ ಸಾಲಿನಿಂದ ತಿಳಿದ ಸರ್ಜನ್ನರು ಬುಧವಾರಕ್ಕೇ ಆಪರೇಷನ್ ಇಟ್ಟರು. ಅಂದು ಅವನು ದವಾಖಾನೆ ಮುಚ್ಚಿ ಬಂದು ಹೊರಗಿನ ಬೆಂಚಿನಲ್ಲಿ ನನ್ನ ಹೆಂಡತಿಯ ಪಕ್ಕ ಕೂತಿದ್ದನಂತೆ.

ಹತ್ತು ದಿನದ ಮೇಲೆ ಹೊಲಿಗೆ ಬಿಚ್ಚಿಸಿಕೊಳ್ಳಲು ಅವನ ದವಾಖಾನೆಗೇ ಹೋದೆವು. ರಿಪೋರ್ಟನ್ನು ಎರಡು ಸಲ ಓದಿದ. "ಬರೇ ಚೀಲ ಸರ್. ಬ್ಯಾರೆ ಏನೂ ಇಲ್ಲ." ಹೆಂಡತಿ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಮೂವತ್ತಾರು ವರ್ಷ ಪಾಠ ಹೇಳಿದೆ. ಯಾವ ವಿದ್ಯಾರ್ಥಿಯ ಮುಂದೆಯೂ ತಪ್ಪು ಒಪ್ಪಿಕೊಂಡವನಲ್ಲ. ಅವನು ಒಂದೆರಡು ಹೊಲಿಗೆ ತೆಗೆದು ಕೈ ಹಿಂದೆಗೆದಾಗ ಅಂದೆ: "ತಪ್ಪು ನಂದಪಾ. ತಿರುಗಿ ಕೇಳಬ್ಯಾಡ ಅಂತ ನಿನಗ ಕಲಿಸಿದಾಂವ ನಾನು."

ಅವನ ಕಿವಿ ಕೆಂಪಾದವು. ಚಿಮಟ ಹಿಡಿದುಕೊಂಡು ದೀಪವನ್ನು ಸುಮ್ಮನೆ ಆಚೀಚೆ ಸರಿಸಿದ.

"ಬಾಯಿ ತಗೀರಿ ಸರ್. ಇನ್ನೂ ಒಂದು ಹೊಲಿಗಿ ಉಳದದ."

ತೆರೆದೆ. ಅವನು ಅದನ್ನೂ ಕತ್ತರಿಸಿ ತೆಗೆದ.