ಅವ್ವನ ಬಿಳಿ ಕಾರು ಮಾರಿದ ವರ್ಷ

ಆಳಂದದ ನಮ್ಮ ಓಣಿಗೆ ಕಾರು ಬಂದರೆ ಮಲಗಿದ ನಾಯಿಗಳೂ ಎದ್ದು ನಿಂತು ಮರ್ಯಾದೆ ಕೊಡುತ್ತಿದ್ದ ಕಾಲ ಅದು. ನಮ್ಮನೆಯಲ್ಲೊಂದು ಹಳೆಯ ಬಿಳಿ ಕಾರಿತ್ತು. ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದ ಅಪ್ಪ ಆ ಬೇಸಿಗೆಯಲ್ಲಿ, ತೊಗರಿ ರಾಶಿ ಮುಗಿದ ಕಣದಲ್ಲಿ, ಅವ್ವನಿಗೆ ಅದನ್ನು ಹೊಡೆಯಲು ಕಲಿಸಿದ. ಕಿಟಕಿಯಿಂದ ಹೊಟ್ಟಿನ ಬಿಸಿ ವಾಸನೆ. ಹಿಂದಿನ ಸೀಟಿನಿಂದ ನಾನು ಥೇಟ್ ಅಪ್ಪನ ಹಾಗೇ ದನಿ ತೆಗೆಯುತ್ತಿದ್ದೆ:

"ಕ್ಲಚ್ ಒತ್ತ ಬೇ, ಕ್ಲಚ್! ರೊಟ್ಟಿ ಬಡದಂಗ ಬಡೀಬ್ಯಾಡ!"

ಅವ್ವ ನಗುತ್ತಿದ್ದಳು, ಗಾಡಿ ಬಂದ್ ಬೀಳುತ್ತಿತ್ತು. ಹಾರ್ನ್ ಕೆಟ್ಟಿದ್ದರಿಂದ ಕಿಟಕಿಯಿಂದ ತಲೆ ಹೊರಗೆ ಹಾಕಿ ನಾನೇ ಹಾರ್ನ್ ಆಗಿದ್ದೆ. ಆಗ ಒಡೆಯುತ್ತಿದ್ದ ನನ್ನ ದನಿಗೆ ಒಂದು ಎಮ್ಮೆಯೂ ದಾರಿ ಬಿಡಲಿಲ್ಲ.

"ಗಾಡಿ ಕೈಗಿ ಕೂಡ್ಲಿ, ದಿನಾ ಹೋಗಿ ಅವ್ವನ ತಲಿ ಬಾಚಿ ಬರ್ತೇನಿ," ಎನ್ನುತ್ತಿದ್ದಳು ಅವ್ವ. ಅವಳ ತಾಯಿ, ನಮ್ಮ ಆಯಿ, ಸರಸಂಬಾ ಹಳ್ಳಿಯ ಸೋದರಮಾವನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಅವ್ವ ಒಮ್ಮೆ ಅಲ್ಲಿಗೆ ಹೋಗಿಯೂ ಬಂದಳು. "ನೀನಽ ಹೊಡ್ಕೊಂಡು ಬಂದೇನ?" ಎಂದು ಆಯಿ ಅವಳ ಅಂಗೈ ಹಿಡಿದು ನೋಡಿದಳು.

ಮಳೆಗಾಲಕ್ಕೆ, ಅಫಜಲಪುರ, ಜೇವರ್ಗಿ ತಿರುಗಲೆಂದು ಕಂಪನಿ ಅಪ್ಪನಿಗೆ ಹೊಸ ಕಾರು ಕೊಟ್ಟಿತು.

"ಎಣ್ಣಿ ಅವರದು, ರಿಪೇರಿ ಅವರದು. ಮನ್ಯಾಗ ಎರಡೆರಡು ಗಾಡಿ ಕಟ್ಟಿ ಮರಿ ಹಾಕಸೋದೈತೇನು?" ಎಂದ ಅಪ್ಪ ಬಿಳಿ ಕಾರು ಮಾರಿಬಿಟ್ಟ.

"ಇದನ್ನರ ಹೊಡೀಲೇನ್ರಿ?" ಅವ್ವ ಕೇಳಿದಳು.

"ಏ, ನನ್ನ ಬಿಟ್ಟು ಯಾರೂ ಹಿಡಿಯಂಗಿಲ್ಲ. ಕಂಪನಿ ರೂಲು."

ಆಯಿಯ ತಲೆ ಬಾಚುವುದು ಭಾನುವಾರಕ್ಕೆ ಹೋಯಿತು. ಆಮೇಲೆ ಅಪ್ಪನಿಗೆ ಭಾನುವಾರವೂ ಮೀಟಿಂಗುಗಳು ಬಂದವು.

ಒಂದು ಬೆಳಿಗ್ಗೆ ಮಾವ ಫೋನು ಮಾಡಿದ: "ಅಕ್ಕಾ, ಲಗೂನ ಬಾ. ಅವ್ವ ನಿನ್ನ ಹೆಸರೇ ಹಿಡದಾಳ." ಅಪ್ಪನೂ ಕಾರೂ ಜೇವರ್ಗಿಯಲ್ಲಿ. ಅವ್ವ ನನ್ನ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದಳು. ಬಸ್ಸು ಎಷ್ಟು ಹೊತ್ತಾದರೂ ಬರಲಿಲ್ಲ. ಅವಳನ್ನು ನಗಿಸಲು ನಾನು ಕಂಡಕ್ಟರನ ದನಿ ತೆಗೆದೆ. ಅವಳಿಗೆ ಕೇಳಿಸಲೇ ಇಲ್ಲ. ನಾವು ಊರು ಮುಟ್ಟುವಷ್ಟರಲ್ಲಿ, ಉಸಿರು ನಿಂತ ಆಯಿಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ತಲೆ ಯಾರೋ ಬಾಚಿಬಿಟ್ಟಿದ್ದರು.

ವರ್ಷಗಳ ನಂತರ, ಅಪ್ಪ ಕೆಲಸ ಬಿಟ್ಟ ದಿನ ಕಂಪನಿ ತನ್ನ ಕಾರು ಒಯ್ದಿತು. ಈಗ ನಾನೇ ಒಂದು ಕೊಂಡಿದ್ದೇನೆ, ನನ್ನದೇ ಹೆಸರಿನಲ್ಲಿ. ತಂದ ದಿನ ಚಾವಿಯನ್ನು ಅವ್ವನ ಕೈಗಿಟ್ಟೆ: "ಹೊಡಿ ಬೇ ಅವ್ವಾ, ಇದಕ್ಕ ಯಾರ ರೂಲೂ ಇಲ್ಲ."

ಅವಳು ಡ್ರೈವರ್ ಸೀಟಿನಲ್ಲಿ ಕೂತು, ಸ್ಟೇರಿಂಗನ್ನು ಸೆರಗಿನಿಂದ ಒರೆಸಿದಳು.

"ಎಲ್ಲಿಗಿ ಹೋಗ್ಲಿ, ಹೇಳು?"

ಸರಸಂಬಾಕ್ಕೆ ಈಗ ಚೆಂದದ ರಸ್ತೆಯಿದೆ, ತಲೆ ಬಾಚಿಸಿಕೊಳ್ಳುವ ಆಯಿಯಿಲ್ಲ. ಊರವರೆಲ್ಲರ ದನಿ ತೆಗೆಯುವ ನಾನು ಹಿಂದಿನ ಸೀಟಿಗೆ ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಮತ್ತೆ ಹಾರ್ನ್ ಆದೆ.