ಚಂದ್ರಮತಿಯ ಎಲೆಗೆ ಅಂಜಲ್

ತ್ರಾಸಿಯ ನವ್ಯಶ್ರೀ ಏನು ಕೆಲಸ ಮಾಡುತ್ತಾಳೆಂದು ಅವಳ ತಾಯಿ ಚಂದ್ರಮತಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಮೀನು ಮಾರ್ಕೆಟ್ಟಿನಲ್ಲಿ ಯಾರಾದರೂ ಕೇಳಿದರೆ, "ಹೆಣ್ಣ್ ಮನಿಯಂಗೇ ಕೂಕಂಡ್ ಪರದೇಶದ್ ಮಕ್ಳಿಗೆ ಪಾಠ ಹೇಳತ್ತ್" ಎನ್ನುತ್ತಿದ್ದಳು. ತೀರಾ ತಪ್ಪೇನಲ್ಲ. ಇಂಗ್ಲಿಷ್ ಎಂ.ಎ. ಮುಗಿಸಿ, ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದು, ಆ ಕೆಲಸ ಕೈಬಿಟ್ಟ ಮೇಲೆ ನವ್ಯಶ್ರೀ ಒಂದು ವೆಬ್‌ಸೈಟಿಗೆ ಉತ್ತರ ಬರೆಯಲು ಕುಳಿತಿದ್ದಳು. ಎಲ್ಲೆಲ್ಲಿಯದೋ ವಿದ್ಯಾರ್ಥಿಗಳು ಇತಿಹಾಸ, ತತ್ವಶಾಸ್ತ್ರ, ಗಾಥಿಕ್ ಕಾದಂಬರಿ ಎಂದು ಪ್ರಶ್ನೆ ಹಾಕುವರು, ಇವಳು ಉತ್ತರಿಸುವಳು.

ಗಾಥಿಕ್ ಎಂದರೆ ಪಾಳುಬಿದ್ದ ಕೋಟೆ, ಬೀಗ ಜಡಿದ ಕೋಣೆ, ಸತ್ತರೂ ಮನೆ ಬಿಡದ ಹೆಂಗಸು, ಇಂಥ ಕಥೆಗಳು. ಸತ್ತವರು ಬಂದರೆ ಆ ಜನ ಯಾಕಿಷ್ಟು ಬೆಚ್ಚಿ ಬೀಳುತ್ತಾರೆಂದು ನವ್ಯಶ್ರೀಗೆ ಮೊದಮೊದಲು ಆಶ್ಚರ್ಯ. ನಮ್ಮ ಕಡೆ ಸತ್ತವರನ್ನು ನಾವೇ ಕರೆದು, ಎಲೆ ಹಾಕಿ, ಮೀನು ಸಾರು ಬಡಿಸುತ್ತೇವಲ್ಲ! ಒಮ್ಮೆ ಹಾಗೆಯೇ ಬರೆದೂ ಬಿಟ್ಟಳು. ಕೇಳಿದ ವಿದ್ಯಾರ್ಥಿಗೆ ಅದು ಬೇಡವಾಯಿತು. ಆಮೇಲೆ ಅವರಿಗೆ ಬೇಕಾದಂತೆ ಬರೆಯುವುದನ್ನು ಕಲಿತಳು. ಪ್ರಶ್ನೆ ತೆರೆದರೆ ಗಡಿಯಾರ ಓಡಲು ಶುರು. ಗೊತ್ತಿಲ್ಲವೆಂದು ಬಿಟ್ಟರೆ ಹೆಸರು ಕೆಡುತ್ತದೆ. ಗೊತ್ತಿಲ್ಲದ್ದನ್ನೂ ಗೊತ್ತಿದ್ದವರ ಹಾಗೆ ಹೇಳುವ ವಿದ್ಯೆ ಅವಳಿಗೆ ಬೇಗ ಕೈಹತ್ತಿತು.

ಮಧ್ಯಾಹ್ನ ಚಂದ್ರಮತಿ ಮೀನಿನ ಬುಟ್ಟಿ ಖಾಲಿ ಮಾಡಿಕೊಂಡು ಬಂದು, ಕಾಲು ತೊಳೆದು, ಮಗಳ ಕೋಣೆಯ ಹೊಸ್ತಿಲಲ್ಲಿ ಕೂರುವಳು. ಹೇಳಲು ಮಾರ್ಕೆಟ್ಟಿನ ಸುದ್ದಿ ರಾಶಿ ಇರುತ್ತಿತ್ತು.

"ಹೆಣೇ, ಇವತ್ತ್ ಎಂತ ಆಯ್ತ್ ಗೊತ್ತಿತ್ತಾ?"

"ಅಬ್ಬೀ, ಟೈಮ್ ಓಡ್ತಾ ಇತ್ತ್. ಆಮೇಲ್ ಹೇಳ್."

ಆ 'ಆಮೇಲೆ' ಬರಲೇ ಇಲ್ಲ. 'ಇನ್ನೊಬ್ಬರ ಮನಸ್ಸನ್ನು ನಾವು ತಿಳಿಯಬಲ್ಲೆವೇ?' ಎಂಬ ಪ್ರಶ್ನೆಗೆ ಇವಳು ಪುಟಗಟ್ಟಲೆ ಬರೆಯುತ್ತಿದ್ದ ದಿನವೂ ಚಂದ್ರಮತಿ ಅಲ್ಲೇ ಕೂತು, ಕೂತಲ್ಲೇ ತೂಕಡಿಸಿ, ಎದ್ದು ಹೋಗಿದ್ದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದರೆ ನವ್ಯಶ್ರೀಗೆ ಸಿಟ್ಟು ಬರಬಹುದು, ಬರಲಿ. ಊಟದ ಬಟ್ಟಲು ಕೂಡ ಕಂಪ್ಯೂಟರ್ ಬಳಿಗೇ ಬರುತ್ತಿತ್ತು. ಆದಿತ್ಯವಾರ ಬಂತೆಂದರೆ ಅದರಲ್ಲಿ ಹುರಿದ ಅಂಜಲ್ ಮೀನು ಇರುತ್ತಿತ್ತು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಜ್ವರ ಬಂದು ಮಲಗಿದ ಚಂದ್ರಮತಿ ಏಳಲಿಲ್ಲ. ವರ್ಷ ತುಂಬಿ, ಅವಳ ಹೆಸರಿನಲ್ಲಿ ಮೊದಲ ಸಲ ಎಲೆ ಹಾಕುವ ದಿನ ಹತ್ತಿರ ಬಂತು. ಹೋದವರಿಗೆ ಏನು ಪ್ರೀತಿಯೋ ಅದನ್ನೇ ಬಡಿಸಬೇಕು. ಬೈಂದೂರಿನಲ್ಲಿ ಹೆಂಡತಿಯೊಡನೆ ನೆಲೆಸಿ ಬೋಟಿಗೆ ಹೋಗುವ ಅಣ್ಣ ರತನ್ ಫೋನ್ ಮಾಡಿದ.

"ಅಬ್ಬಿಗೆ ಯಾವ್ ಮೀನ್ ಪ್ರೀತಿ? ಒಟ್ಟಿಗಿದ್ದದ್ದ್ ನೀನೇ ಅಲ್ದಾ?"

ಗೊತ್ತಿಲ್ಲ ಎನ್ನುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು. "ಅಂಜಲ್," ಎಂದಳು.

ರತನ್ ಇಡೀ ಅಂಜಲ್ ತಂದ. ಅತ್ತಿಗೆ ಹುರಿದಳು, ಸಾರೂ ಮಾಡಿದಳು. ಒಳಗೆ ಎಲೆ ಹಾಕಿ, ಬಡಿಸಿ, ಬಂದು ಉಣ್ಣೆಂದು ಅಬ್ಬಿಯನ್ನು ಕರೆದು, ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಯಲ್ಲಿ ಕಾದು ಕೂತರು. ಅತ್ತಿಗೆ ನೀರು ಸೇದಲು ಬಾವಿಕಟ್ಟೆಗೆ ಹೋದಳು. ಅಷ್ಟರಲ್ಲಿ ಜಲಜಕ್ಕ ಬಂದಳು. ಮಾರ್ಕೆಟ್ಟಿನಲ್ಲಿ ಚಂದ್ರಮತಿಯ ಪಕ್ಕದಲ್ಲೇ ಕೂತು ಮೀನು ಮಾರಿ ಮುದುಕಿಯಾದವಳು.

"ಎಂತೆಲ್ಲ ಬಡ್ಸಿದ್ರಿ ಮಕ್ಳೇ?"

"ಅಂಜಲ್, ಜಲಜಕ್ಕ. ಹುರ್ದದ್ದೂ ಇತ್ತ್, ಸಾರೂ ಇತ್ತ್. ಅಬ್ಬಿಗೆ ಪ್ರೀತಿ ಅಲ್ದಾ?" ರತನ್ ಹೆಮ್ಮೆಯಿಂದ ಹೇಳಿದ.

ಜಲಜಕ್ಕನ ಮುಖ ಸಣ್ಣದಾಯಿತು. "ಅಯ್ಯೋ ದೇವ್ರೇ! ಅಂಜಲ್ ತಿಂದ್ರೆ ಅವ್ಳಿಗೆ ಮೈಯೆಲ್ಲ ತುರ್ಕಿ ಬತ್ತಿತ್ತಲ್ದಾ? ಒಂದ್ ತುಂಡೂ ಬಾಯಿಗ್ ಹಾಕ್ತಿರ್ಲಿಲ್ಲೆ. ಮಗ್ಳಿಗೆ ಪ್ರೀತಿ ಅಂದೇಳಿ ಆದಿತ್ವಾರ ಎತ್ತಿಡ್ತಿದ್ಳ್. ಅವ್ಳಿಗ್ ಬೇಕಾದ್ದ್ ಗಂಜಿ, ಒಣ ಸಿಗಡಿ ಚಟ್ನಿ. ಅಷ್ಟೇ."

ನವ್ಯಶ್ರೀ ದಡಕ್ಕನೆ ಎದ್ದು ಬಾಗಿಲಿಗೆ ಕೈ ಹಾಕಿದಳು. ಜಲಜಕ್ಕ ಅವಳ ರಟ್ಟೆ ಹಿಡಿದಳು.

"ಬ್ಯಾಡ ಮಗಾ. ಉಂಬು ಹೊತ್ತ್. ಈಗ ಬಾಗ್ಲ್ ತೆಗುಕಾಗ."

ಕರೆದದ್ದಕ್ಕೆ ಬಂದ ಅಬ್ಬಿ, ಮುಟ್ಟಲಾಗದ ಎಲೆಯ ಮುಂದೆ ಸುಮ್ಮನೆ ಕೂತಿದ್ದಾಳೆ. ಹಾಗೆ ಅನಿಸಿತು ನವ್ಯಶ್ರೀಗೆ. ಬದುಕಿದ್ದಾಗಲೂ ಅಬ್ಬಿ ಹೀಗೆಯೇ ಇದ್ದಳಲ್ಲ, ಏನನ್ನೂ ಕೇಳದೆ. ತಾನಾದರೂ ಒಂದು ದಿನ ಕೇಳಬಹುದಿತ್ತು.

"ಅಣ್ಣ, ನಂಗೊತ್ತಿರ್ಲಿಲ್ಲೆ," ಎಂದಳು. "ಗೊತ್ತಿಲ್ಲೆ ಅಂದೇಳಿ ಹೇಳುಕೆ ನಾಚ್ಕಿ ಆಯ್ತ್."

ರತನ್ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟಾದರೂ ಹಗುರವಾಗುತ್ತಿತ್ತು. "ಬಪ್ಪ ವರ್ಷ ಚಟ್ನಿ ಬಡ್ಸುವ," ಎಂದು ಅಂಗಳ ನೋಡುತ್ತ ಕೂತ.

ಹೊತ್ತಾದ ಮೇಲೆ ಬಾಗಿಲು ತೆಗೆದರು. ಸತ್ತವರಿಗೆ ಇಟ್ಟದ್ದನ್ನು ಎಸೆಯುವಂತಿಲ್ಲ, ಮನೆಯವರೇ ಹಂಚಿಕೊಂಡು ಉಣ್ಣಬೇಕು. ಜಗಲಿಯ ಮಾತು ತಿಳಿಯದ ಅತ್ತಿಗೆ, ನಡುವಿನ ದೊಡ್ಡ ತುಂಡನ್ನು ನವ್ಯಶ್ರೀಯ ಬಟ್ಟಲಿಗೆ ಹಾಕಿದಳು. ಅವಳು ಮುರಿದು ಬಾಯಿಗಿಟ್ಟಳು. ಉಪ್ಪು, ಹುಳಿ, ಖಾರ ಎಲ್ಲ ಹದವಾಗಿತ್ತು. ಮೀನು ತುಂಬಾ ರುಚಿಯಾಗಿತ್ತು. ಅವಳು ಅಳುತ್ತಲೇ ಪೂರ್ತಿ ತಿಂದಳು.