ಹುಳದ ಮನೆಯ ಬೀಮು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಮೇಲೂರಿನಲ್ಲಿ ಅಣ್ಣ ರೇಷ್ಮೆ ಸಾಕಲು ಕಟ್ಟಿಸುತ್ತಿದ್ದ ಹೊಸ ಹುಳದ ಮನೆಗೆ ಆ ಭಾನುವಾರ ಹೋಗಿ, ಬೀಮಿಗೆ ಕಾಂಕ್ರೀಟು ಸುರಿಯಲು ಕಟ್ಟಿದ್ದ ಹಲಗೆಪೆಟ್ಟಿಗೆಯೊಳಗೆ ಇಣುಕಿದ್ದರೆ ಯಾರಿಗಾದರೂ ಸಿಟ್ಟು ಬರುತ್ತಿತ್ತು. ನಾನು ಬರೆದುಕೊಟ್ಟಿದ್ದಕ್ಕಿಂತ ಎರಡು ಪಾಲು ಹೆಚ್ಚು ಕಂಬಿ! ನಡುವೆ ಜಲ್ಲಿ ಇಳಿಯಲೂ ಜಾಗವಿಲ್ಲದ ಹಾಗೆ ತುರುಕಿದ್ದರು.

"ಯಾರು ಮಾಡಿದ್ದು ಇದನ್ನ?"

"ನಾನೇ ಹಾಕ್ಸಿದ್ದು," ಎಂದ ಅಣ್ಣ, ಎದೆಯುಬ್ಬಿಸಿಕೊಂಡು. "ನಮ್ಮೋರು ಓಡಾಡೋ ಜಾಗ. ಕಬ್ಬಿಣದಾಗೆ ಜಿಪುಣತನ ಮಾಡಕಾಗ್ತದಾ?"

ನಾನು ಚಿಂತಾಮಣಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಸಿವಿಲ್ ಪಾಠ ಹೇಳುವವಳು. ಇದೇ ವಿಷಯವನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ಕೈ ಸವೆದಿದೆ. ಭಾರಕ್ಕೆ ಬೀಮು ಬಾಗುವಾಗ ತಳ ಹಿಗ್ಗುತ್ತದೆ, ನೆತ್ತಿ ಕುಗ್ಗುತ್ತದೆ. ತಳದ ಎಳೆತವನ್ನು ಕಂಬಿ ತಡೆದುಕೊಳ್ಳಬೇಕು, ನೆತ್ತಿಯ ಒತ್ತಡವನ್ನು ಕಾಂಕ್ರೀಟು. ಭಾರ ಮಿತಿ ಮೀರಿದರೆ ಮೊದಲು ಸೋಲಬೇಕಾದ್ದು ಕಂಬಿ. ಅದು ನಿಧಾನವಾಗಿ ಜಗ್ಗುತ್ತದೆ, ಬೀಮು ಜೋತುಬೀಳುತ್ತದೆ, ಬಿರುಕು ಬಾಯಿಬಿಡುತ್ತದೆ, ಕೆಳಗಿದ್ದವರಿಗೆ ಆಚೆ ಓಡಲು ಹೊತ್ತು ಸಿಗುತ್ತದೆ. ಕಂಬಿ ಅತಿಯಾದರೆ ಅದು ಜಗ್ಗುವ ಮೊದಲೇ ನೆತ್ತಿಯ ಕಾಂಕ್ರೀಟು ಒಮ್ಮೆಗೇ ಪುಡಿಯಾಗುತ್ತದೆ. ಇಷ್ಟನ್ನು ಅಣ್ಣನಿಗೆ ಹೇಳಿದೆ. ಹೇಳಿದೆ ಅನ್ನುವುದೇನು, ಕಿರುಚಿದೆ.

"ಕಬ್ಬಿಣ ಜಾಸ್ತಿಯಾದ್ರೆ ಬೀಳ್ತದಂತೆ! ಕೇಳಿದ್ಯೇನಪ್ಪಾ?" ಎಂದು ಅಣ್ಣ ಮೇಸ್ತ್ರಿಯತ್ತ ತಿರುಗಿ ನಕ್ಕ.

"ಎಕ್ಕಡೈನಾ ಉಂದಾಮ್ಮಾ?" ಎಂದು ಮೇಸ್ತ್ರಿಯೂ ಹಲ್ಲು ಕಿರಿದ. ಎಲ್ಲಾದರೂ ಉಂಟೇನಮ್ಮಾ ಅಂತ.

ನನಗೆ ಅಳುವೇ ಬಂತು. ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿ ಅಲ್ಲೂ ಹುಳು ಸಾಕುವ ಆಸೆ ಅಣ್ಣನಿಗೆ. ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಸೊಪ್ಪು ಹಾಕುತ್ತಾ ನಿಲ್ಲುವವಳು ಅತ್ತಿಗೆ. ಬೀಮಿನಡಿ ಇರುವುದು ಅವಳ ತಲೆ.

"ಮಾತು ಸಾಕು," ಎಂದೆ. "ಎರಡು ಚಿಕ್ಕ ಬೀಮು ಹಾಕಣ. ಒಂದು ನನ್ನ ಲೆಕ್ಕದ್ದು, ಒಂದು ನಿಂದು. ಎರಡ್ರ ಮೇಲೂ ಭಾರ ಹೇರಿ ನೋಡಣ. ಅಲ್ಲೀವರ್ಗೂ ಕಾಂಕ್ರೀಟು ಸುರ್ದು ಮೋಲ್ಡಿಂಗ್ ಹಾಕ್ಬೇಡ." ಪಂದ್ಯ ಅಂದರೆ ಅಣ್ಣ ಊಟ ಬಿಡುವವನು. ಒಪ್ಪಿದ.

ಗಟ್ಟಿಯಾಗಲೆಂದು ತಿಂಗಳು ನೀರುಣಿಸಿದ ಮೇಲೆ ಎರಡನ್ನೂ ಅಂಗಳದಲ್ಲಿ ಮೋಟು ಕಲ್ಲುಗಳ ಮೇಲೆ ಮಲಗಿಸಿ, ಅವುಗಳ ನಡುಭಾಗದ ಮೇಲೆ ಸೈಜುಗಲ್ಲು ಪೇರಿಸುತ್ತಾ ಹೋದೆವು. ಇದಕ್ಕೊಂದು, ಅದಕ್ಕೊಂದು. ಮೊದಲು ಬಾಗಿದ್ದು ನನ್ನದೇ. ತಳದಲ್ಲಿ ಬಿರುಕು ಎದ್ದಿತು.

"ನೋಡ್ದ್ಯಾ! ನಿನ್ನ ಓದು ಸೊಂಟ ಬಗ್ಗಿಸ್ತು ಕಣೇ!" ಎಂದು ಅಣ್ಣ ಚಪ್ಪಾಳೆ ತಟ್ಟಿದ.

ಬಿರುಕು ಉಗುರು ಹೋಗುವಷ್ಟು ಅಗಲವಾದರೂ ನನ್ನ ಬೀಮು ಕಲ್ಲುಗಳನ್ನು ಕೆಳಗಿಳಿಸಲಿಲ್ಲ. ಹಾಗೇ ಜೋತುಕೊಂಡು ಹೊತ್ತೇ ಇತ್ತು. ಅಣ್ಣನದು ನೆಟ್ಟಗೆ ನಿಂತಿತ್ತು. ನಿಜ ಹೇಳಬೇಕು, ಅದು ನನ್ನದಕ್ಕಿಂತ ಹೆಚ್ಚೇ ಹೊತ್ತಿತು. ಅವನು ಇನ್ನೊಂದು ಕಲ್ಲಿಟ್ಟ, ಮತ್ತೊಂದಿಟ್ಟ. ಮೀಸೆ ಸವರಿಕೊಂಡು ಎರಡು ಹೆಜ್ಜೆ ಹಿಂದೆ ಸರಿದನೋ ಇಲ್ಲವೋ, ಫಟ್ಟೆಂದಿತು. ನೆತ್ತಿ ಚೂರುಚೂರಾಗಿ ಸಿಡಿದು, ಬೀಮು ಕಲ್ಲುಗಳ ಸಮೇತ ನೆಲ ಕಂಡಿತು.

"ಅಯ್ಯಯ್ಯೋ ದೇವ್ರೇ!" ಎಂದಳು ಅತ್ತಿಗೆ. ನನಗೆ ಗೆದ್ದೆನೆಂದು ಕುಣಿಯಬೇಕೆನ್ನಿಸಲಿಲ್ಲ. ಅತ್ತಿಗೆ ಎರಡು ಬೀಮುಗಳ ನಡುವೆ ನಿಂತು ಅದನ್ನೂ ಇದನ್ನೂ ನೋಡಿದಳು.

"ಜಾಸ್ತಿ ಹೊತ್ತಿದ್ದು ನಿಮ್ದೇ, ಒಪ್ಕೊಂಡೆ," ಎಂದಳು ಅಣ್ಣನಿಗೆ. "ಆದ್ರೆ ಕೆಳಗಿರೋಳು ನಾನು. ನಂಗೆ ಮುಂಚೇನೇ ಹೇಳಿ ಬೀಳೋದು ಬೇಕು."

ಅಣ್ಣ ಮೇಸ್ತ್ರಿಯನ್ನೂ ಕರೆಯದೆ, ತಾನೇ ಅಟ್ಟಣಿಗೆ ಹತ್ತಿ, ಹೆಚ್ಚಿನ ಕಂಬಿಗಳ ತಂತಿ ಬಿಚ್ಚತೊಡಗಿದ. ಮುಂದಿನ ವಾರ ಮೋಲ್ಡಿಂಗ್ ಆಯಿತು.

ಈ ಸಲದ ಹುಳು ಪೊರೆ ಬಿಡುವ ಮೂರನೇ ಜ್ವರ ಕಳೆದಾಗ ಹೋಗಿ ಎರಡು ದಿನ ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ಅತ್ತಿಗೆ ಸೊಪ್ಪಿನ ಹೊರೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಅಣ್ಣ ಒಳಗೆ ಟಾರ್ಚು ಹಿಡಿದು ಬೀಮಿನ ತಳವನ್ನು ಈ ತುದಿಯಿಂದ ಆ ತುದಿಗೆ ನೋಡಿಕೊಂಡು ಬಂದ. "ಏನಿಲ್ಲ, ಹೋಗು," ಎಂದ. ದಿನಾಲೂ ಹೀಗೇ ಅಂತೆ.

ನನಗೆ ನಗು ತಡೆಯಲಾಗಲಿಲ್ಲ. "ಅಣ್ಣಾ, ಇದು ನಮ್ಮ ಕಾಲಕ್ಕೆ ಅಲ್ಲಾಡಲ್ಲ. ಲೆಕ್ಕ ಹಾಕಿರೋಳು ನಾನು!"

"ಬೀಮು ಹೋದ್ರೆ ನೀನು ಇನ್ನೊಂದಕ್ಕೆ ಲೆಕ್ಕ ಹಾಕ್ತೀಯ," ಎಂದು ಅಣ್ಣ ಟಾರ್ಚು ಆರಿಸಿದ. "ನಂಗಿರೋಳು ಇವಳೊಬ್ಳೇ ಕಣೇ."